ತವರದ ಪದಕವೊಂದನ್ನು ಓದಿದ ಬಗೆ

ಹಳೆಯ ನಾಣ್ಯ, ಪದಕಗಳನ್ನು ಕೂಡಿಡುವ ಹವ್ಯಾಸ ನನಗೆ ಬಹುಕಾಲದಿಂದ ಇದ್ದರೂ, ಒಂದೇ ಪದಕದ ಮುಂದೆ ವಾರಗಟ್ಟಲೆ ಕುಳಿತದ್ದು ಶ್ರೀರಂಗಪಟ್ಟಣ ಪದಕ ಕೈಗೆ ಬಂದ ಮೇಲೆಯೇ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಯುದ್ಧದಲ್ಲಿ ಹೋರಾಡಿದವರಿಗೆ ಈಸ್ಟ್ ಇಂಡಿಯಾ ಕಂಪನಿ ಇದನ್ನು ಕೊಟ್ಟಿತು. ಅಚ್ಚು ಕೊರೆದವನು ಕ್ಯೂಕ್ಲರ್. ಈ ಪದಕಗಳು ಮುದ್ರಣಗೊಂಡದ್ದು ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಟಂಕಸಾಲೆಯಲ್ಲಿ, ಕೆಲವು ಕಲ್ಕತ್ತೆಯಲ್ಲಿ. ಮೇಲ್ದರ್ಜೆಯ ಸೇನಾಧಿಕಾರಿಗಳಿಗೆ ಚಿನ್ನ, ಅವರ ಕೆಳಗಿನವರಿಗೆ ಕ್ರಮವಾಗಿ ಗಿಲೀಟು ಮಾಡಿದ ಬೆಳ್ಳಿ, ಬೆಳ್ಳಿ, ಕಂಚು; ಸಾಮಾನ್ಯ ಸಿಪಾಯಿಗೆ ತವರ. ನನ್ನದು ತವರದ್ದು.

ಮೊದಲು ಅಳತೆ ತೆಗೆದೆ. ಸೋಹೋ ಪದಕದ ವ್ಯಾಸ ಸುಮಾರು 48 ಮಿಲಿಮೀಟರ್. ಕಲ್ಕತ್ತೆಯಲ್ಲಿ ಮುದ್ರಿಸಿದವು ತುಸು ಚಿಕ್ಕವು, 45ರ ಆಸುಪಾಸು. ಕ್ಯಾಲಿಪರ್ 48ರಲ್ಲಿ ನಿಂತಿತು. ತೊಳೆಯಲು ಬಟ್ಟಿ ಇಳಿಸಿದ ನೀರು, ಮೆತ್ತನೆಯ ಬಟ್ಟೆ ಬಿಟ್ಟು ಬೇರೇನನ್ನೂ ಬಳಸಲಿಲ್ಲ, ಏಕೆಂದರೆ ಹಿಂದೊಮ್ಮೆ ತಾಮ್ರದ ನಾಣ್ಯವೊಂದನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ, ಅದರ ಇನ್ನೂರು ವರ್ಷಗಳ ಬಣ್ಣವನ್ನು ಒಂದೇ ಗಳಿಗೆಯಲ್ಲಿ ಕಳೆದಿದ್ದೆ. ಆ ನೋವು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ತವರ ಮೃದು, ಎಣಿಕೆಯಿಲ್ಲದ ಕೈಗಳು ಮುಟ್ಟಿ ಗೆರೆಗಳು ಸವೆದಿದ್ದವು. ಮೇಜಿನ ದೀಪವನ್ನು ಓರೆಯಾಗಿಟ್ಟು ನಿಧಾನವಾಗಿ ತಿರುಗಿಸಿದಾಗ ಮುಮ್ಮುಖದ ಚಿತ್ರ ಎದ್ದು ಬಂದಿತು: ಸಿಂಹವೊಂದು ಹುಲಿಯನ್ನು ಕೆಳಗೆ ಅದುಮಿ ನಿಂತಿದೆ. ಸಿಂಹ ಬ್ರಿಟಿಷರದು, ಹುಲಿ ಟಿಪ್ಪುವಿನ ಲಾಂಛನ. ಮೇಲಿನ ಧ್ವಜದಲ್ಲಿ ಅರಬ್ಬಿ ಅಕ್ಷರಗಳಿದ್ದವು. ಅರಬ್ಬಿ ಬಲ್ಲ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಭೂತಗನ್ನಡಿ ಹಿಡಿದು, ‘ಅಸದುಲ್ಲಾಹ್ ಅಲ್-ಗಾಲಿಬ್’, ಅಂದರೆ ‘ದೇವರ ಗೆಲ್ಲುವ ಸಿಂಹ’, ಎಂದು ಓದಿದರು. ನನ್ನನ್ನು ತಡೆದು ನಿಲ್ಲಿಸಿದ್ದು ಈ ಮಾತೇ. ಟಿಪ್ಪು ತನ್ನ ಲಾಂಛನದಲ್ಲಿ ಹುಲಿಮುಖದ ಆಕಾರಕ್ಕೆ ತಿದ್ದಿ ಬರೆಸಿಕೊಂಡ ಮಾತುಗಳು ಇವೇ ಆಗಿದ್ದವು. ಗೆದ್ದವರು ಸೋತವನ ರಾಜ್ಯದ ಜೊತೆಗೆ ಅವನ ಮಾತನ್ನೂ ಎತ್ತಿಕೊಂಡು ತಮ್ಮ ಸಿಂಹದ ತಲೆಯ ಮೇಲೆ ಹಾರಿಸಿದ್ದಾರೆಂದೇ ನಾನು ಇದನ್ನು ಓದುತ್ತೇನೆ.

ಹಿಮ್ಮುಖದಲ್ಲಿ ಕೋಟೆಯ ವಾಯವ್ಯದ ಒಡಕಿನ ಮೇಲೆ ನಡೆದ ದಾಳಿ ಇದೆ. ನೆತ್ತಿಯ ಮೇಲೆ ಸೂರ್ಯ, ಕಾರಣ ದಾಳಿ ಆರಂಭವಾದದ್ದು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ. ಕೆಳಗೆ ಪಾರಸಿಯಲ್ಲಿ ‘ದೇವರ ಕೊಡುಗೆ’ಯೆಂದು ಕೋಟೆಯನ್ನು ಕರೆದು, ಹಿಜರಿ 1213 ಎಂಬ ವರ್ಷ ಕೊಟ್ಟಿದ್ದಾರೆ. ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಮಧ್ಯಾಹ್ನದ ಅದೇ ಹೊತ್ತಿಗೆ ಶ್ರೀರಂಗಪಟ್ಟಣಕ್ಕೆ ಹೋಗಿ, ಒಡಕಿನ ನೆನಪಿಗೆ ನಿಲ್ಲಿಸಿದ ಕಂಬದ ಬಳಿ ಕಾವೇರಿಯ ಕಡೆಗೆ ಮುಖ ಮಾಡಿ ನಿಂತೆ. ಬಿಸಿಲು ಕಲ್ಲಿನಿಂದ ಎದ್ದು ಮುಖಕ್ಕೆ ಹೊಡೆಯುತ್ತಿತ್ತು. ಪದಕದಲ್ಲಿ ಕಾಣುವುದು ಎದುರು ದಡದಿಂದ ನೋಡಿದ ಕೋಟೆ. ನಾನು ನಿಂತದ್ದು ಒಳಗಿದ್ದವರ ಕಡೆ. ಹೊಳೆ ದಾಟಿ ಬರುವವರನ್ನು ಅವರು ಕಂಡಿರಬಹುದಾದ ನೋಟ ಈ ಪದಕದಲ್ಲಿ ಎಲ್ಲಿಯೂ ಇಲ್ಲ.