ಶಾಖೆಗೆ ಎಷ್ಟು ಸಿಬ್ಬಂದಿ ಬೇಕು: ಲೆಕ್ಕ ಹಾಕುವ ಕ್ರಮ

ಹೆಚ್ಚುವರಿ ಹುದ್ದೆ ಕೋರಿದ ಪ್ರಸ್ತಾವನೆಗಳು ಆಕ್ಷೇಪಣೆಯೊಂದಿಗೆ ಹಿಂದಿರುಗುವುದಕ್ಕೆ ಮುಖ್ಯ ಕಾರಣ, ಅವುಗಳಲ್ಲಿ ‘ಕಾರ್ಯಭಾರ ಹೆಚ್ಚಿದೆ’ ಎಂಬ ಒಕ್ಕಣೆ ಇರುತ್ತದೆಯೇ ಹೊರತು ಗಂಟೆಗಳ ಲೆಕ್ಕ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಆಸ್ಪತ್ರೆ, ಆರೋಗ್ಯ ಕೇಂದ್ರಗಳಿಗಾಗಿ ರೂಪಿಸಿ, 2010ರಲ್ಲಿ ಪರಿಷ್ಕೃತ ಕೈಪಿಡಿಯಾಗಿ ಹೊರತಂದ WISN ಎಂಬ ವಿಧಾನವು ಅರ್ಜಿ, ಕಡತಗಳನ್ನು ನಿರ್ವಹಿಸುವ ವಿಷಯ ನಿರ್ವಾಹಕರ ಶಾಖೆಗೂ ಚೆನ್ನಾಗಿ ಒಗ್ಗುತ್ತದೆ.

ಮೊದಲಿಗೆ, ಹಿಂದಿನ ಒಂದು ಪೂರ್ಣ ವರ್ಷದಲ್ಲಿ ಬಂದ ಅರ್ಜಿಗಳನ್ನು ವಹಿಯಿಂದ ಬಗೆವಾರು ಎಣಿಸಿಕೊಳ್ಳಿ.

ಎರಡನೆಯದಾಗಿ, ಒಬ್ಬರು ವರ್ಷಕ್ಕೆ ನಿಜವಾಗಿ ಎಷ್ಟು ಗಂಟೆ ದೊರೆಯುತ್ತಾರೆ ಎಂಬುದನ್ನು ಕಂಡುಕೊಳ್ಳಿ. ಕರ್ನಾಟಕದ ಸರ್ಕಾರಿ ಕಚೇರಿಯಲ್ಲಿ 365 ದಿನಗಳಿಂದ 52 ಭಾನುವಾರ, 24 ಎರಡನೇ ಮತ್ತು ನಾಲ್ಕನೇ ಶನಿವಾರ, ಸುಮಾರು 19 ಸಾರ್ವತ್ರಿಕ ರಜೆ ಕಳೆದರೆ 270 ಉಳಿಯುತ್ತದೆ. ಅದರಲ್ಲಿ ಸಾಂದರ್ಭಿಕ ರಜೆ 10, ಗಳಿಕೆ ರಜೆ 15, ತರಬೇತಿ ಮತ್ತು ಚುನಾವಣಾ ಕರ್ತವ್ಯಕ್ಕೆ 15 ಎಂದಿಟ್ಟುಕೊಂಡರೆ 230 ದಿನ. ದಿನಕ್ಕೆ ಆರೂವರೆ ಗಂಟೆಯಂತೆ 1,495 ಗಂಟೆ. ಗಳಿಕೆ ರಜೆಯನ್ನು ನಿಯಮದಲ್ಲಿರುವ 30 ಎಂದು ಹಿಡಿಯದೆ, ರಜೆ ಲೆಕ್ಕದ ವಹಿಯಲ್ಲಿ ಕಾಣುವ ನೈಜ ಸರಾಸರಿಯನ್ನೇ ಬಳಸಿ.

ಎಲ್ಲರೂ ಎಡವುವುದು ಮೂರನೆಯ ಹಂತದಲ್ಲಿ, ಅಂದರೆ ಒಂದು ಅರ್ಜಿಗೆ ಹಿಡಿಯುವ ಸಮಯವನ್ನು ನಿಗದಿ ಮಾಡುವಾಗ. ಸಿಬ್ಬಂದಿಯನ್ನೇ ಕೇಳಿ ಬರೆದುಕೊಳ್ಳಬೇಡಿ. ಎಲ್ಲರಿಗಿಂತ ಚುರುಕಾದವರನ್ನೂ ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ. ಕೆಲಸ ಬಲ್ಲ ಸಾಮಾನ್ಯ ನೌಕರರೊಬ್ಬರ ಪಕ್ಕದಲ್ಲಿ ಎರಡು ವಾರ ಕುಳಿತು, ದಾಖಲೆ ಪರಿಶೀಲನೆ, ಟಿಪ್ಪಣಿ, ಕರಡು ಪತ್ರ ಎಂದು ಬಿಡಿಸಿ ಗುರುತು ಹಾಕಿಕೊಳ್ಳುವುದೇ ಸರಿ. ಕಡತಗಳನ್ನು ಗಣಕದಲ್ಲೇ ಸಾಗಿಸುವ ಇ-ಆಫೀಸ್ ವ್ಯವಸ್ಥೆಯ ದಾಖಲೆಯಿಂದ ಸಮಯ ತೆಗೆಯುವ ಅಡ್ಡದಾರಿ ಈಚೆಗೆ ಹಬ್ಬಿದೆ. ಆದರೆ ಅದು ತೋರಿಸುವುದು ಕಡತ ಯಾರ ಬಳಿ ಎಷ್ಟು ದಿನ ಇತ್ತೆಂಬುದನ್ನು, ಅದರ ಮೇಲೆ ಎಷ್ಟು ನಿಮಿಷ ಕೆಲಸ ನಡೆಯಿತೆಂಬುದನ್ನಲ್ಲ. ಕ್ರಮಬದ್ಧ ಅರ್ಜಿಯನ್ನೂ ನ್ಯೂನತೆಯುಳ್ಳ ಅರ್ಜಿಯನ್ನೂ ಬೇರೆಬೇರೆಯಾಗಿಯೇ ಅಳೆಯಬೇಕು. ಉದಾಹರಣೆಗೆ, 6,000 ಅರ್ಜಿಗಳಲ್ಲಿ 4,200 ಕ್ರಮಬದ್ಧವಾಗಿದ್ದು ತಲಾ 25 ನಿಮಿಷ, ಉಳಿದ 1,800 ತಲಾ 70 ನಿಮಿಷ ಬೇಡಿದರೆ ಒಟ್ಟು 3,850 ಗಂಟೆ. ಎರಡರ ನಡುವಿನ ಸರಾಸರಿಯೆಂದು 47.5 ನಿಮಿಷ ಹಿಡಿದವರು 4,750 ಗಂಟೆ ತೋರಿಸುತ್ತಾರೆ. ಪರಿಶೀಲಿಸುವವರು ಮೊದಲು ಹಿಡಿಯುವ ತಪ್ಪೇ ಇದು. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಎಕ್ಸೆಲ್ ಹಾಳೆಗಳಲ್ಲಿ ಈ ಭೇದಕ್ಕೆ ಅಂಕಣವೇ ಇಲ್ಲದಿದ್ದರೆ ಅವನ್ನು ಮುಟ್ಟದಿರುವುದೇ ಲೇಸು.

3,850ನ್ನು 1,495ರಿಂದ ಭಾಗಿಸಿದರೆ 2.58. ಟಪಾಲು, ಸಭೆ, ಮಾಸಿಕ ವರದಿಗಳಿಗೆ ಪ್ರತಿಯೊಬ್ಬರ ಸಮಯದ ಶೇ 30 ಹೋಗುವುದಾದರೆ, ಅದಕ್ಕೆ ಶೇ 30 ಕೂಡಿಸಬಾರದು, 0.7ರಿಂದ ಭಾಗಿಸಬೇಕು. ಕೂಡಿಸಿದರೆ 3.35, ಭಾಗಿಸಿದರೆ 3.68, ಅಂದರೆ ನಾಲ್ವರು.

ಹಳೆಯ ಬಾಕಿ ಕಡತಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅವುಗಳ ವಿಲೇವಾರಿಗೆ ನಿಗದಿತ ಅವಧಿಯ ತಾತ್ಕಾಲಿಕ ಸಿಬ್ಬಂದಿಯನ್ನು ಪ್ರತ್ಯೇಕ ಕಂಡಿಕೆಯಲ್ಲಿ ಕೇಳಿ.