ಮತ್ತಿ ಮರ ಎಲೆ ಉದುರಿಸಿದ ಮೇಲೆ

ಮೊದಲ ಎರಡು ವರ್ಷ ನಾನು ನಾಗರಹೊಳೆಗೆ ಹೋಗುತ್ತಿದ್ದದ್ದು ಹುಲಿಗಾಗಿ ಮಾತ್ರ. ದಮ್ಮನಕಟ್ಟೆಯಿಂದ ಸಫಾರಿ ವಾಹನ ಹೊರಟರೆ ಕಣ್ಣೆಲ್ಲ ಕೆರೆಗಳ ಅಂಚಿನಲ್ಲೇ. ಹುಲಿಯೂ ಸಿಕ್ಕಿತು, ಚಿತ್ರವೂ ಸಿಕ್ಕಿತು. ಮನೆಗೆ ಬಂದು ನೋಡಿದರೆ ಎಲ್ಲವೂ ಚೌಕಟ್ಟು ತುಂಬಿದ ಮುಖಗಳು. ಯಾವ ಕಾಡು, ಯಾವ ತಿಂಗಳು ಎಂಬ ಸುಳಿವೇ ಅವುಗಳಲ್ಲಿ ಇರಲಿಲ್ಲ. ಅಲ್ಲಿಂದೀಚೆಗೆ ಅದೇ ದಾರಿಗಳಲ್ಲಿ ಮಳೆ, ಚಳಿ, ಬಿಸಿಲು ಎನ್ನದೆ ತಿರುಗುತ್ತಿದ್ದೇನೆ.

ನನಗೆ ಅತಿ ಪ್ರಿಯವಾದದ್ದು ಫೆಬ್ರುವರಿ, ಮಾರ್ಚ್. ಮತ್ತಿ ಮರಗಳು ಎಲೆ ಉದುರಿಸಿ, ಮೊಸಳೆಯ ಚರ್ಮದಂಥ ತೊಗಟೆ ತೋರಿಸುತ್ತ ನಿಂತಿರುತ್ತವೆ. ಮುತ್ತುಗ ಹೂ ಬಿಟ್ಟಿರುತ್ತದೆ. ಮಳೆಗಾಲದಲ್ಲಿ ಹತ್ತು ಅಡಿ ಆಚೆಯದೂ ಕಾಣದ ಕಾಡು ಆಗ ಒಳಗಿನವರೆಗೂ ತೆರೆದುಕೊಳ್ಳುತ್ತದೆ. ಅಂಥ ಒಂದು ಬೆಳಿಗ್ಗೆ ಮುಸುವವೊಂದು ಕೆಮ್ಮಿದಂತೆ ಕೂಗಿತು. ಎಂಜಿನ್ ಆರಿಸಿ ಕಾದೆವು. ಜಿಂಕೆ ಸುಮ್ಮನೆ ಬೆದರಿಯೂ ಕೂಗುತ್ತದೆ. ಕಡವೆಯೂ ದನಿಗೂಡಿಸಿದರೆ ಮಾತ್ರ ಹುಲಿಯೋ ಚಿರತೆಯೋ ಹತ್ತಿರವಿದೆ ಎಂದು ನನಗೆ ನಂಬಿಕೆ. ಕಡವೆ ಕೂಗಿದ ದಿಕ್ಕಿನಲ್ಲಿ, ಬೋಳು ಮತ್ತಿಯ ಕವಲಿನಲ್ಲಿ, ಚಿರತೆ ಮಲಗಿತ್ತು. ದೂರದ್ದನ್ನು ಹತ್ತಿರ ತರುವ ಉದ್ದದ ಲೆನ್ಸ್ ಕೆಳಗಿಟ್ಟು, ಸುತ್ತಲಿನದನ್ನೂ ಹಿಡಿಯುವ 70-200 ಮಿ.ಮೀ. ಲೆನ್ಸ್ ಹಾಕಿದೆ. ಚಿತ್ರದಲ್ಲಿ ಚಿರತೆ ಹೆಬ್ಬೆರಳಿನಷ್ಟೇ ಇದೆ, ಉಳಿದದ್ದೆಲ್ಲ ಕೊಂಬೆಗಳ ಜಾಲ. ನಾನು ತೆಗೆದ ಚಿರತೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಅಂದು ಲೆನ್ಸ್ ಬದಲಿಸಿದ್ದರ ಬೆಲೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಕುಳಿತ ಧೂಳು. ಈಗ ಎರಡು ಕ್ಯಾಮೆರಾ ಒಯ್ಯುತ್ತೇನೆ.

ಏಪ್ರಿಲ್, ಮೇ ಬಂತೆಂದರೆ ಕಬಿನಿಯ ಹಿನ್ನೀರು. ಬೀಚನಹಳ್ಳಿಯಲ್ಲಿ 1974ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ನೀರು ಬೇಸಿಗೆಯಲ್ಲಿ ಇಳಿಯುತ್ತ ಹೋದಂತೆ, ಬಯಲಾದ ಕೆಸರಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡು ಒಣಗಿರುವಾಗ ಆ ಹುಲ್ಲಿಗೂ ನೀರಿಗೂ ಆನೆಗಳ ಹಿಂಡುಗಳು ಇಳಿದು ಬರುತ್ತವೆ. ದೋಣಿಯಿಂದ ತೆಗೆದರೆ ಮರಿಯಾನೆಯ ಕಣ್ಣು ನಮ್ಮ ಕಣ್ಣಿನ ಮಟ್ಟಕ್ಕೇ ಬರುತ್ತದೆ, ಜೀಪಿನಿಂದ ಆ ನೋಟ ಸಿಗುವುದಿಲ್ಲ. ಆದರೆ ಬೆಳಕು ಬಹಳ ಸತಾಯಿಸುತ್ತದೆ. ಆನೆ ಚೌಕಟ್ಟು ತುಂಬಿದ್ದರೆ ಕ್ಯಾಮೆರಾ ಅದರ ಕಪ್ಪನ್ನು ಬೂದಿ ಬಣ್ಣಕ್ಕೆ ತಿರುಗಿಸುತ್ತದೆ. ಹಿಂದೆ ಹೊಳೆಯುವ ನೀರಿದ್ದರೆ ಅದೇ ಆನೆ ಮಸಿಯ ಮುದ್ದೆ. ಹಲವು ಸಂಜೆಗಳನ್ನು ಹಾಳುಮಾಡಿಕೊಂಡ ಮೇಲೆ, ಅದೇ ಬಿಸಿಲಿನಲ್ಲಿರುವ ಹುಲ್ಲಿನ ಮೇಲೆ ಬೆಳಕು ಅಳೆದು, ಕ್ಯಾಮೆರಾ ತಾನಾಗಿ ಬದಲಿಸದಂತೆ ಮ್ಯಾನುಯಲ್‌ನಲ್ಲಿ ನಿಲ್ಲಿಸುವುದನ್ನು ರೂಢಿಸಿಕೊಂಡೆ. ದೋಣಿ ನಡುಗುವುದರಿಂದ ಲೆನ್ಸಿಗೆ ಆಸರೆಯಾಗುವ ಬೀನ್‌ಬ್ಯಾಗ್ ಬಿಟ್ಟು ಕೈಯಲ್ಲೇ ಹಿಡಿಯುತ್ತೇನೆ. ಶಟರ್ ವೇಗ 1/1600 ಸೆಕೆಂಡಿಗಿಂತ ಇಳಿಸುವುದಿಲ್ಲ.

ಜೂನ್ ಕಳೆದರೆ ನೀರು ಏರಿ ಹುಲ್ಲು ಮುಳುಗುತ್ತದೆ, ಆನೆಗಳು ಚದುರುತ್ತವೆ. ಏನೂ ಕಾಣುವುದಿಲ್ಲವೆಂದು ಹಲವರು ಆಗ ಬರುವುದೇ ಇಲ್ಲ. ನೆನೆದ ಹಸಿರಿನ ನಡುವೆ ಜಿಂಕೆಯ ಕಂದು ಮೈ ಬೆಳಗುವುದು ಆಗಲೇ! ಬೆಳಕು ಮಾತ್ರ ತೀರಾ ಕಡಿಮೆ. ಐಎಸ್‌ಒ (ಸೆನ್ಸರ್ ಬೆಳಕು ಗ್ರಹಿಸುವ ಮಟ್ಟ) 3200ಕ್ಕೆ ಏರಿಸಿ, ಚಿತ್ರದಲ್ಲಿ ತರಿ ಕಂಡರೂ ಒಪ್ಪಿಕೊಳ್ಳುತ್ತೇನೆ. ಮೊದಲ ಮಳೆಗಾಲದಲ್ಲಿ ಎಸಿ ಕೋಣೆಯಿಂದ ಕ್ಯಾಮೆರಾವನ್ನು ನೇರ ಹೊರಗೆ ತಂದೆ. ಲೆನ್ಸ್ ಮಂಜುಗಟ್ಟಿತು. ಒರೆಸಿದಷ್ಟೂ ಮತ್ತೆ ಕಟ್ಟುತ್ತಿತ್ತು, ಅಷ್ಟರಲ್ಲಿ ಕೆನ್ನಾಯಿಗಳ ಗುಂಪು ದಾರಿ ದಾಟಿ ಹೋಯಿತು. ಅಂದಿನಿಂದ ಕ್ಯಾಮೆರಾ ಚೀಲ ರಾತ್ರಿಯೆಲ್ಲ ಎಸಿ ಇಲ್ಲದ ಜಾಗದಲ್ಲಿರುತ್ತದೆ.

ಡಿಸೆಂಬರಿನ ಮಂಜಿಗೆ ಒಂದೇ ಎಚ್ಚರಿಕೆ: ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು, ಬೆಳಕು ಕೊಡಿ, ಇಲ್ಲದಿದ್ದರೆ ಬಿಳಿ ಮಂಜು ಕೊಳಕಾಗಿ ಬರುತ್ತದೆ.

ಬೇಸಿಗೆಯ ಮೊದಲ ಮಳೆ ಬಿದ್ದ ಮರುದಿನ ಹುತ್ತಗಳಿಂದ ಈಚಲುಹುಳು ಏಳುತ್ತದೆ. ಕಾಜಾಣ, ನೀಲಕಂಠ, ಕಳ್ಳಿಪೀರಗಳು ಗಾಳಿಯಲ್ಲೇ ಅವನ್ನು ಹಿಡಿಯುತ್ತವೆ. ಸಂಜೆಬಿಸಿಲು ಆ ತೆಳು ರೆಕ್ಕೆಗಳನ್ನು ಹಾಯ್ದು ಬರುವುದನ್ನು ಎರಡು ಬಾರಿ ಕಣ್ಣಾರೆ ಕಂಡಿದ್ದೇನೆ, ಚಿತ್ರ ಇನ್ನೂ ಸಿಕ್ಕಿಲ್ಲ. ಬರುವ ಏಪ್ರಿಲ್‌ನಲ್ಲಿ ಹುಲಿಯ ಸುದ್ದಿ ಬಂದರೂ ನಾನು ಹುತ್ತದ ಬಳಿಯೇ ಕಾಯುತ್ತೇನೆ.