ಸಿಇಟಿ ಆಪ್ಷನ್ ಎಂಟ್ರಿ: ಕಾಲೇಜುಗಳ ಪಟ್ಟಿ ಬರೆಯುವುದು ಹೇಗೆ?

ಒಳ್ಳೆಯ ರ‍್ಯಾಂಕ್ ಇದ್ದರೂ ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು ಮತ್ತು ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವಾಗ, ಪಟ್ಟಿ ಸರಿಯಾಗಿ ಬರೆಯದೆ, ಬೇಡದ ಎಂಜಿನಿಯರಿಂಗ್ ಕಾಲೇಜಿಗೆ ಸೇರುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಎರಡು ವರ್ಷ ಓದಿದ್ದು, ಕೊನೆಗೆ ಒಂದು ಸಂಜೆ ಅವಸರದಲ್ಲಿ ತುಂಬಿದ ಪಟ್ಟಿಯಿಂದ ಹಾಳಾಗಬಾರದು ಅಲ್ವಾ?

ಮೊದಲು ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಿಂದ ಹಿಂದಿನ ಎರಡು ವರ್ಷದ ಕಟ್‌ಆಫ್ ಪಟ್ಟಿ ಇಳಿಸಿಕೊಳ್ಳಿ. ಯಾವ ಸೀಟು ಎಷ್ಟನೇ ರ‍್ಯಾಂಕಿನವರೆಗೆ ಸಿಕ್ಕಿತ್ತು ಅನ್ನುವುದು ಅದರಲ್ಲಿರುತ್ತದೆ. ಅದರಲ್ಲಿ ನಿಮ್ಮ ಮೀಸಲಾತಿಯ ಕಾಲಂ ಯಾವುದು ಅಂತ ಗುರುತು ಹಾಕಿ. ಉದಾಹರಣೆಗೆ, ಹಿಂದುಳಿದ ವರ್ಗಗಳಲ್ಲಿ ಒಂದಾದ 2ಎ ವರ್ಗದವರು 2ಎಜಿ ನೋಡಬೇಕು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದರೆ 2ಎಆರ್, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ 2ಎಕೆ ಕೂಡ ನಿಮ್ಮದೇ. ತುಂಬಾ ಜನ ಜಿಎಂ (ಜನರಲ್ ಮೆರಿಟ್) ಕಾಲಂ ಒಂದನ್ನೇ ನೋಡಿ ‘ನಮಗೆಲ್ಲಿ ಸಿಗುತ್ತೆ’ ಅಂತ ಕೈಬಿಡುತ್ತಾರೆ. ದುಡ್ಡು ಕೊಟ್ಟು ಕಾಲೇಜ್ ಪ್ರೆಡಿಕ್ಟರ್ ಆ್ಯಪ್ ಕೊಳ್ಳಬೇಡಿ. ಈ ಪಟ್ಟಿ ಪುಕ್ಕಟೆ ಸಿಗುತ್ತದೆ.

ಆಮೇಲೆ ಬ್ರಾಂಚ್. ನನ್ನ ಮಾತು ಕೇಳುವುದಾದರೆ ಬ್ರಾಂಚ್ ಮೊದಲು, ಕಾಲೇಜಿನ ಹೆಸರು ಆಮೇಲೆ. ಸರ್ಕೀಟ್ ಕಂಡರೆ ಆಗದ ಹುಡುಗನನ್ನು ಹೆಸರಿಗೋಸ್ಕರ ಇಲೆಕ್ಟ್ರಾನಿಕ್ಸ್‌ಗೆ ಸೇರಿಸಬೇಡಿ. ಗುಣಮಟ್ಟ ನೋಡಿ ಕೊಡುವ ನ್ಯಾಕ್ ಗ್ರೇಡ್ ಇಡೀ ಕಾಲೇಜಿನದು. ಎನ್‌ಬಿಎ (ತಾಂತ್ರಿಕ ಕೋರ್ಸುಗಳ ಗುಣಮಟ್ಟ ನೋಡುವ ಮಂಡಳಿ) ಮಾನ್ಯತೆ ಒಂದೊಂದು ಬ್ರಾಂಚಿಗೂ ಬೇರೆ ಬೇರೆ. ನಿಮ್ಮ ಬ್ರಾಂಚಿಗೆ ಇದೆಯಾ ಅಂತಲೇ ಕೇಳಿ. ಸಾಧ್ಯವಾದರೆ ಹೋಗಿ ಲ್ಯಾಬ್ ನೋಡಿ, ಕ್ಯಾಂಟೀನಿನಲ್ಲಿ ಮೂರನೇ ವರ್ಷದ ಮಕ್ಕಳನ್ನು ಮಾತಾಡಿಸಿ. ಬ್ರೋಷರಿನಲ್ಲಿ ಇಲ್ಲದ್ದು ಅಲ್ಲಿ ಗೊತ್ತಾಗುತ್ತದೆ.

ಈಗ ಎಲ್ಲರೂ ಎಡವುವ ಜಾಗ: ಕ್ರಮ.

‘ದೊಡ್ಡ ಕಾಲೇಜು ಮೇಲೆ ಹಾಕಿದರೆ ಅದೂ ಸಿಗಲ್ಲ, ಕೆಳಗಿನದೂ ಹೋಗುತ್ತೆ’ ಅಂತ ಯಾರೋ ಹೆದರಿಸುತ್ತಾರೆ. ಇದು ಶುದ್ಧ ಸುಳ್ಳು. ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡುತ್ತದೆ. ಸೀಟು ಇರುವ ಮೊದಲ ಆಪ್ಷನ್ ಕೊಡುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಹಾಸನದ ಹುಡುಗಿಯೊಬ್ಬಳಿಗೆ ಬೆಂಗಳೂರಿನ ಯುವಿಸಿಇ ಆಸೆ, ಅದಿಲ್ಲದಿದ್ದರೆ ಮೈಸೂರಿನ ಎನ್‌ಐಇ, ಕೊನೆಗೆ ಊರಿನ ಮಲ್ನಾಡ್ ಕಾಲೇಜು ಅಂದುಕೊಳ್ಳಿ. ಅವಳು ಇದೇ ಕ್ರಮದಲ್ಲಿ ಬರೆಯಬೇಕು. ಮೇಲಿನ ಎರಡು ಸಿಗದಿದ್ದರೂ ಮಲ್ನಾಡ್ ಸೀಟಿಗೆ ಏನೂ ತೊಂದರೆಯಿಲ್ಲ. ಹೆದರಿ ಮಲ್ನಾಡನ್ನೇ ಮೊದಲು ಬರೆದು, ಅಲ್ಲಿ ಸೀಟು ಸಿಕ್ಕಿತು ಅನ್ನಿ. ಯುವಿಸಿಇಯಲ್ಲಿ ಜಾಗ ಇದ್ದರೂ ಕಂಪ್ಯೂಟರ್ ಆ ಕಡೆ ತಿರುಗಿಯೂ ನೋಡಲ್ಲ.

ಹಾಗಾಗಿ ಪಟ್ಟಿ ಉದ್ದವಾಗಿರಲಿ. ಕಟ್‌ಆಫ್ ನಿಮ್ಮ ಕೈಗೆ ಎಟುಕದವು ಮೇಲೆ, ಆಸುಪಾಸಿನವು ನಡುವೆ, ಖಂಡಿತ ಸಿಗುವಂಥವು ಕೆಳಗೆ. ಆದರೆ ಸೀಟು ಸಿಕ್ಕರೂ ಸೇರಲ್ಲ ಅನ್ನುವ ಕಾಲೇಜನ್ನು ಸುಮ್ನೆ ತುಂಬಬೇಡಿ. ಮೊದಲು ನೋಟ್‌ಬುಕ್ಕಿನಲ್ಲಿ ಬರೆದು, ಕಾಲೇಜ್ ಕೋಡ್ ಒಂದೊಂದೂ ತಾಳೆ ನೋಡಿ. ಒಂದೇ ಥರದ ಹೆಸರಿನ ಕಾಲೇಜುಗಳು ಬೇಕಾದಷ್ಟಿವೆ. ಸೈಬರ್ ಸೆಂಟರಿನವರ ಕೈಗೆ ಪಾಸ್‌ವರ್ಡ್ ಕೊಟ್ಟು ಬರಬೇಡಿ. ಪಕ್ಕದಲ್ಲೇ ಕೂತು ನೀವೇ ತುಂಬಿ.

ನಿಜವಾದ ಸುತ್ತಿಗೆ ಮುಂಚೆ ಪರೀಕ್ಷೆಗೆಂದು ತೋರಿಸುವ ಅಣಕು ಹಂಚಿಕೆ (ಮಾಕ್ ಅಲಾಟ್‌ಮೆಂಟ್) ಬಂದಾಗ ಸಿಕ್ಕಿದ್ದು ಇಷ್ಟವಾಗದಿದ್ದರೆ ಕ್ರಮ ತಿದ್ದಿ.

ಮೊದಲ ಸುತ್ತಿನ ನಂತರ ನಾಲ್ಕು ಚಾಯ್ಸ್ ಬರುತ್ತವೆ. ಒಂದನೆಯದು ಸೀಟು ಒಪ್ಪಿಕೊಂಡು ಸೇರುವುದು. ಎರಡನೆಯದು ಸೀಟು ಇಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು. ಮೂರನೆಯದು ಸೀಟು ಬಿಟ್ಟು ಕಾಯುವುದು. ನಾಲ್ಕನೆಯದು ಪೂರ್ತಿ ಹೊರಗೆ ಹೋಗುವುದು. ಮೂರನೆಯದರಲ್ಲಿ ಕೈಯಲ್ಲಿದ್ದದ್ದೂ ಹೋಗುತ್ತದೆ. ಅದನ್ನು ಒತ್ತುವ ಮುಂಚೆ ಅಪ್ಪ ಅಮ್ಮನ ಜೊತೆ ಕೂತು ಮಾತಾಡಿ. ಎರಡನೆಯದರಲ್ಲೂ ಒಂದು ಪೇಚು ಇದೆ. ಮೇಲಿನ ಆಪ್ಷನ್ ಸಿಕ್ಕ ಕೂಡಲೇ ಹಳೆಯ ಸೀಟು ತಾನಾಗಿಯೇ ರದ್ದಾಗುತ್ತದೆ, ಆಮೇಲೆ ಕೇಳಿದರೆ ವಾಪಸ್ ಬರಲ್ಲ. ಆದ್ದರಿಂದ ಸಿಕ್ಕಿರುವ ಸೀಟಿಗಿಂತ ಮೇಲಿರುವ ಆಪ್ಷನ್‌ಗಳನ್ನು ಎರಡನೇ ಸುತ್ತಿಗೆ ಮುಂಚೆ ಮತ್ತೊಮ್ಮೆ ಓದಿ. ಈಗ ಬೇಡ ಅನಿಸಿದ್ದನ್ನು ಅಳಿಸಿಬಿಡಿ.

ಒಂದನೇ ಚಾಯ್ಸ್ ಒತ್ತಿದವರು ಶುಲ್ಕ ಕಟ್ಟಿ, ಪ್ರವೇಶ ಪತ್ರ ಇಳಿಸಿಕೊಂಡು, ಕೊನೆಯ ದಿನಕ್ಕೆ ಕಾಯದೆ ಕಾಲೇಜಿಗೆ ಹೋಗಿ ವರದಿ ಮಾಡಿಕೊಳ್ಳಿ.